ಟವೆಲಿನ ಕೆಳಗೆ ಸಿಕ್ಕ ರೇಶನ್ ಅಂಗಡಿ

ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ದಲಾಲಿಯೂ ಎದುರುಬದುರು ನಿಂತು, ಕೈಗಳ ಮೇಲೆ ಟವೆಲ್ ಹಾಕಿಕೊಂಡು, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ವ್ಯಾಪಾರ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಒಳಗೆ ಏನು ನಡೆಯಿತೆಂದು ಮೂರನೆಯವರು ಕೇಳಬಾರದು, ಕೇಳಿದರೂ ಹೇಳಬಾರದು. ಅದು ಸಂತೆಯ ಮರ್ಯಾದೆ. ನನ್ನ ಅರ್ಧ ಆಯುಷ್ಯ ಈ ಮರ್ಯಾದೆಯ ಮೇಲೆ ನಡೆದಿದೆ, ಹೊಟ್ಟೆಯೂ ತುಂಬಿದೆ. ಆದರೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎತ್ತನ್ನು ಬೇಕಾದರೆ ಟವೆಲಿನ ಕೆಳಗೆ ಕೊಳ್ಳಿರಿ. ಸರಕಾರದಿಂದ ಬರಬೇಕಾದದ್ದನ್ನು ಮಾತ್ರ ಬಯಲಿನಲ್ಲಿ, ನಾಲ್ಕು ಮಂದಿಗೆ ಕೇಳಿಸುವಂತೆ ಕೇಳಿರಿ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರ ಮನೆ. ಮನೆಯೊಳಗೂ ಕನ್ನಡವೇ. ಅಪ್ಪ ಲಕ್ಷ್ಮೇಶ್ವರದ ಓಣಿಯಲ್ಲಿ ಜೀವನವಿಡೀ ಹತ್ತಿಯ ಧೂಳು ಕುಡಿದ. ನನಗೆ ಅದು ಒಗ್ಗಲಿಲ್ಲ. ಯಾರದೋ ಎತ್ತಿನ ಹಗ್ಗ ಹಿಡಿದು ಸಂತೆಯಲ್ಲಿ ನಿಲ್ಲುವುದರಿಂದ ಶುರು ಮಾಡಿ, ಹಲ್ಲು ನೋಡಿ ವಯಸ್ಸು, ನಡಿಗೆ ನೋಡಿ ಗುಣ ಹೇಳುವುದನ್ನು ಕಲಿತು ದಲಾಲಿಯಾದೆ. ಯಾರೂ ಕಲಿಸಲಿಲ್ಲ, ಯಾರೂ ಎತ್ತಿ ಕೂರಿಸಲಿಲ್ಲ. ನನ್ನ ಜೊತೆಗೇ ಹಗ್ಗ ಹಿಡಿದು, ನನ್ನ ಜೊತೆಗೇ ದಲಾಲಿಯಾದವನು ನನ್ನ ದೋಸ್ತ, ಗದಗಿನ ಕಡೆಯವನು. ಒಂದೇ ಚಹಾ ತರಿಸಿ ಕಪ್ಪಿನಲ್ಲಿ ಅವನು, ಬಸಿಯಲ್ಲಿ ನಾನು ಕುಡಿದು ಬೆಳೆದವರು.

ಅವನ ಬಾಯಿ ನನಗಿಂತ ಚೆನ್ನಾಗಿತ್ತು. ತುರ್ತು ಪರಿಸ್ಥಿತಿ ಮುಗಿದು ಜನಕ್ಕೆ ಮತ್ತೆ ಮಾತು ಬಂದಿದ್ದ ಕಾಲವದು. ಬೆಟಗೇರಿಯ ಚಹಾದಂಗಡಿಯಲ್ಲಿ ರೇಡಿಯೋದವರು ಬಜೆಟ್ ಓದುತ್ತಿದ್ದರೆ ನೇಕಾರರು, ಹಮಾಲರು ಎಲ್ಲ ಕಿವಿಗೊಟ್ಟು ನಿಲ್ಲುತ್ತಿದ್ದರು. ಒಂದು ವರ್ಷ ಹೀಗೇ ಕೇಳುತ್ತಾ ನಿಂತಾಗ ಯಾರೋ, “ಬಡವ್ರಿಗೆ ಸರಕಾರ ಭಾಳ ಉಪಕಾರ ಮಾಡೇತಿ ಬಿಡ್ರಿ” ಅಂದರು. ನನ್ನ ದೋಸ್ತ ಸಿಡಿದೆದ್ದ.

“ಉಪಕಾರ ಯಾರದೋ ಮಾರಾಯಾ? ಕೂಲಿ ಮಾಡೂ ಹೆಣ್ಣಮಗಳು ಒಂದು ಕಡ್ಡಿಪೆಟ್ಟಿಗಿ ಕೊಂಡ್ರ ಅದರಾಗ ತೆರಿಗಿ ಐತಿ. ಚಿಮಣಿ ಎಣ್ಣ್ಯಾಗ ಐತಿ. ಅಕಿ ಕೊಟ್ಟಿದ್ದು ಅಕಿಗೆ ತಿರುಗಿ ಬಂದ್ರ ಅದಕ್ಕ ಉಪಕಾರ ಅಂತಾರೇನು? ಹಕ್ಕು ಅಂತಾರ, ಹಕ್ಕು!”

ಹಮಾಲರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಮಾತು ನನ್ನ ತಲೆಯಲ್ಲಿ ಗೂಟ ಬಡಿದ ಹಾಗೆ ಕೂತಿತು, ಇವತ್ತಿಗೂ ಅಲುಗಿಲ್ಲ. ಬಜೆಟ್ ನೋಡುವುದು ಎತ್ತು ನೋಡಿದ ಹಾಗೆ ಎಂಬುದು ನನ್ನ ಲೆಕ್ಕ. ಕೋಡಿನ ಬಣ್ಣ, ಕೊರಳಿನ ಗೆಜ್ಜೆ ನೋಡಬೇಡಿರಿ. ಬಾಯಿ ತೆರೆಸಿ ಹಲ್ಲು ನೋಡಿರಿ. ಭಾಷಣದಲ್ಲಿ ಬಡವರ ಹೆಸರು ಎಷ್ಟು ಸಲ ಬಂತು ಎಂಬುದು ಗೆಜ್ಜೆ. ಅವರ ಓಣಿಗೆ ಏನು ಬಂತು ಎಂಬುದು ಹಲ್ಲು.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಅಕ್ಕನನ್ನು ಹಮ್ಮಿಗಿ ಕಡೆಯ, ಹೊಳೆದಂಡೆಯ ಒಂದು ಸಣ್ಣ ಹಳ್ಳಿಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ಅಲ್ಲಿಯ ಹೆಂಗಸರ ಜೊತೆ ಹೊಲದ ಕೂಲಿಗೆ ಹೋಗುತ್ತಿದ್ದಳು. ಆ ಊರಿಗೆ ರೇಶನ್ ಅಂಗಡಿ ಇರಲಿಲ್ಲ. ಸಕ್ಕರೆ, ಗೋಧಿ, ಚಿಮಣಿ ಎಣ್ಣೆ ಏನು ಬೇಕಾದರೂ ಹಳ್ಳ ದಾಟಿ, ಎರೆಹೊಲದ ದಾರಿ ಹಿಡಿದು ದೊಡ್ಡೂರಿಗೆ ಹೋಗಬೇಕು. ಹೋದ ದಿನ ಕೂಲಿ ಇಲ್ಲ. ಹೋದಾಗ ಅಂಗಡಿಯವನು, “ಮಾಲು ಬಂದಿಲ್ಲ, ನಾಳಿ ಬರ್ರಿ” ಅಂದರೆ ಮರುದಿನದ ಕೂಲಿಯೂ ಇಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮನೆಯಲ್ಲಿ ದೀಪವೂ ಇಲ್ಲ. ಅಕ್ಕನಿಗೆ, ಅವಳ ಜೊತೆಗಿನ ಹೆಂಗಸರಿಗೆ ಬೇಕಾಗಿದ್ದದ್ದು ಒಂದೇ: ಊರೊಳಗೆ ಒಂದು ರೇಶನ್ ಅಂಗಡಿ.

ಅಷ್ಟರಲ್ಲಿ ಲೋಕಸಭೆಯ ಚುನಾವಣೆ ಬಂತು. ನನ್ನ ದೋಸ್ತ ಉಮೇದುವಾರರೊಬ್ಬರ ಜೀಪಿನಲ್ಲಿ ಅಡ್ಡಾಡತೊಡಗಿದ. ಬಡವರ ಪರ ಮಾತಾಡುವ ಉಮೇದುವಾರರು. ನಾನೂ ಅವರ ಕಡೆಯವನೇ. ಮುಂಡರಗಿಯಲ್ಲಿ ಅವರ ದೊಡ್ಡ ಸಭೆ ಎಂದು ಗೊತ್ತಾದ ಕೂಡಲೇ ಅಕ್ಕ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೊರಡಲು ತಯಾರಾದಳು. ಸಭೆಯ ನಡುವೆ ಎದ್ದು ನಿಂತು, ಮೈಕಿನ ಎದುರಿಗೇ ಅಂಗಡಿಯ ಮಾತು ಕೇಳುವುದು ಅವಳ ಎಣಿಕೆ. ಸುದ್ದಿ ಅದು ಹೇಗೋ ದೋಸ್ತನ ಕಿವಿಗೆ ಬಿತ್ತು. ಸಭೆಯ ಹಿಂದಿನ ದಿನ ಅವನು ನನ್ನನ್ನೂ ಕರೆದುಕೊಂಡು ಆ ಹಳ್ಳಿಗೆ ಬಂದ.

ಊರಬಾಗಿಲಿನ ಅಗಸೆಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ದೋಸ್ತ ಎಲ್ಲರಿಗೂ ಕೈಮುಗಿದು ಮಾತು ತೆಗೆದ.

“ಹಿರಿಯಾರ, ಅಷ್ಟು ಮಂದ್ಯಾಗ ಎದ್ದು ಕೇಳಿದ್ರ ಸಾಹೇಬ್ರಿಗೆ ಮುಜುಗರ. ವಿರೋಧದವ್ರು ಹಲ್ಲು ಕಿಸೀತಾರ. ಅದರ ಬದಲಿ ವ್ಯಾಪಾರ ವ್ಯಾಪಾರದಂಗ ಮಾಡೂಣು. ನಾ ಅವ್ರ ಪರವಾಗಿ ಬಂದೀನಿ. ನಿಮ್ಮ ಪರವಾಗಿ ಇವ ನನ್ನ ದೋಸ್ತ ಅದಾನ. ಕೈ ಹಿಡೀತೀವಿ. ಆತು ಅಂದ್ರ ಆತು.”

ಹಿರಿಯರ ಮುಖ ಅರಳಿತು. ಮೈಕು, ಸಭೆ, ಮನವಿ ಇವೆಲ್ಲ ಅವರಿಗೆ ಹೊಸದು. ಟವೆಲ್ ಮಾತ್ರ ಅಜ್ಜನ ಕಾಲದಿಂದ ಗೊತ್ತು. ಟವೆಲಿನ ಕೆಳಗೆ ಆದ ಮಾತು ಮುರಿದದ್ದನ್ನು ಅವರು ಕಂಡೇ ಇರಲಿಲ್ಲ. ಒಬ್ಬರು, “ಹಂಗಾದ್ರ ಜಲ್ದಿ ಮುಗಸ್ರಿ” ಅಂದರು. ದೋಸ್ತ ತನ್ನ ಹೆಗಲಿನ ಟವೆಲ್ ತೆಗೆದು ಕೈ ಚಾಚಿದ. ನಾನು ಹಿಡಿದೆ. ಫಲಿತಾಂಶ ಬಂದ ಮೇಲೆ ಎಷ್ಟು ತಿಂಗಳು ಎಂದು ಬೆರಳಿನಲ್ಲೇ ಕೇಳಿದೆ. ಅವನು ಆರಕ್ಕೆ ನಿಂತ. ನಾನು ಬಿಡಲಿಲ್ಲ, ಎಳೆದೆ, ಮುಖ ಸಿಂಡರಿಸಿದೆ, ಕೈ ಬಿಡಿಸಿಕೊಳ್ಳುವ ಹಾಗೆ ಮಾಡಿದೆ. ಕಡೆಗೆ ಮೂರು ಬೆರಳು ಒತ್ತಿ ಹಿಡಿದ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡೆವು. ಕಟ್ಟೆಗೆಲ್ಲ ಸಮಾಧಾನ.

ಅಕ್ಕ ಉಳಿದ ಹೆಂಗಸರ ಜೊತೆ ಕಟ್ಟೆಯ ಎದುರಿನ ಮನೆಯ ಬಾಗಿಲ ಹತ್ತಿರ ನಿಂತಿದ್ದಳು. “ತಮ್ಮಾ, ಒಳಗ ಏನು ಮಾತಾತು?” ಅಂದಳು.

“ಅದನ್ನ ಕೇಳಬಾರದಕ್ಕಾ. ಅಂಗಡಿ ಬಂತು ಅಂತ ತಿಳ್ಕೋ.”

“ಅಂಗಡಿ ಕೇಳಾಕ ಹೊಂಟಾಕಿ ನಾ. ನನಗ ಹೇಳಬಾರದ ಮಾತು ಇದರಾಗ ಏನೈತಿ?”

ದೋಸ್ತ ನಕ್ಕು, “ಅಕ್ಕಾರ, ನೀವು ಚಹಾ ಮಾಡ್ರಿ. ಸಕ್ಕರಿ ನಿಮ್ಮ ಅಂಗಡ್ಯಾಗಿಂದು ಆಮ್ಯಾಲೆ ಹಾಕೂರಂತ!” ಅಂದ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಹಿರಿಯರ ಮಾತು ಮೀರಲಾರದೆ ಹೆಂಗಸರು ಸಭೆಗೆ ಹೋಗಲಿಲ್ಲ. ಓಟು ಮಾತ್ರ ಊರಿಗೆ ಊರೇ ಹಾಕಿತು.

ಉಮೇದುವಾರರು ಗೆದ್ದರು. ಮೂರು ತಿಂಗಳಾಯಿತು, ಆರಾಯಿತು. ಮಳೆ ಬಂದು ಹಳ್ಳ ತುಂಬಿತು. ಆಮೇಲೆ ಒಂದು ದಿನ ಖಬರು ಬಂತು: ಆ ಭಾಗಕ್ಕೆ ಹೊಸ ರೇಶನ್ ಅಂಗಡಿ ಮಂಜೂರಾಗಿದೆ, ಆದರೆ ದೊಡ್ಡೂರಿನ ಆಚೆಯ ಹಳ್ಳಿಗೆ, ನನ್ನ ದೋಸ್ತನ ಮಾವನ ಮನೆಯ ಪಡಸಾಲೆಯಲ್ಲಿ. ಅಂಗಡಿ ಹತ್ತಿರ ಬರುವುದಿರಲಿ, ಅಕ್ಕನ ಊರಿನ ಕಾರ್ಡುಗಳನ್ನೂ ಅಲ್ಲಿಗೇ ಹಾಕಿದ್ದರು. ದಾರಿ ಇನ್ನೂ ದೂರವಾಯಿತು.

ಗದಗಿನ ಸಂತೆಯಲ್ಲಿ ಅವನನ್ನು ಹಿಡಿದೆ. ಹೋರಿಯೊಂದರ ಬೆನ್ನು ತಟ್ಟುತ್ತಾ ನಿಂತಿದ್ದ.

“ಲೇ, ಕೈ ಹಿಡಿದಿದ್ದೆ ನೀ.”

“ಹಿಡಿದಿದ್ದೆ. ಒಳಗಿನ ಮಾತು ಸಂತ್ಯಾಗ ಯಾಕ ತಗೀತಿ? ಇಷ್ಟು ವರ್ಷದ ದಲಾಲಿ, ನಾಚಿಕಿ ಬರೂದಿಲ್ಲೇನು?”

ನಾನು ಸುತ್ತ ನಿಂತಿದ್ದ ಹಳೆಯ ದಲಾಲಿಗಳ ಕಡೆ ನೋಡಿದೆ. ಅವರು ಮುಖ ತಿರುಗಿಸಿ ದನ ನೋಡತೊಡಗಿದರು. ಅವರದು ತಪ್ಪಲ್ಲ. ಸಂತೆಯ ಮರ್ಯಾದೆ.

“ನಿಮ್ಮ ಸಾಹೇಬ್ರನ್ನ ಕೇಳ್ತೀನಿ ಹಂಗಾದ್ರ.”

“ಕೇಳು. ಅವ್ರಿಗೆ ಆ ಊರಿನ ಹೆಸರೂ ಗೊತ್ತಿಲ್ಲ.” ನನ್ನ ಹೆಗಲ ಮೇಲೆ ಕೈ ಹಾಕಿ, ಹಳೆಯ ಪ್ರೀತಿಯಿಂದಲೇ ಹೇಳಿದ: “ದೋಸ್ತ, ಸಿಟ್ಟಾಗಬ್ಯಾಡ. ನಿಮ್ಮ ಓಟು ಹೆಂಗೂ ನಮಗ ಬರ್ತಿದ್ದವು. ಮನ್ಯಾಗ ಕಟ್ಟಿದ ಎತ್ತನ್ನ ಯಾರರ ಮತ್ತ ಕೊಳ್ತಾರೇನು? ಆಚಿ ಊರವ್ರ ಓಟು ನಮ್ಮವಲ್ಲ, ಅವನ್ನ ತರಾಕ ಅವ್ರಿಗೆ ಕೊಡಬೇಕಾತು.”

ಬೇರೆ ಪಕ್ಷದವನು ಹೀಗೆ ಮಾಡಿದ್ದರೆ ಎರಡು ಬೈಗುಳ ಬೈದು ಮರೆಯುತ್ತಿದ್ದೆ. ಕಡ್ಡಿಪೆಟ್ಟಿಗೆಯ ತೆರಿಗೆಯ ಮಾತು ಕಲಿಸಿದವನೇ ಇವನು. ಆ ಮಾತು ಸುಳ್ಳಾಗಿದ್ದರೆ ಅವನ ಜೊತೆ ಅದನ್ನೂ ಎಸೆದುಬಿಡಬಹುದಿತ್ತು. ಅದು ಖರೆ ಮಾತು, ಅದೇ ಸಂಕಟ. ಅಂದಿನಿಂದ ನಾನು ಅವನ ಬಸಿ ಮುಟ್ಟಲಿಲ್ಲ. ಬಡವರ ಪರ ಮಾತಾಡುವವರಿಗೇ ಇವತ್ತಿಗೂ ಓಟು ಹಾಕುತ್ತೇನೆ. ಆದರೆ ನಿಮಗೂ ಹೇಳುತ್ತೇನೆ, ನಿಮ್ಮ ಓಟು ತಮ್ಮದೇ ಕೊಟ್ಟಿಗೆಯಲ್ಲಿದೆ ಎಂದು ಯಾರಿಗೂ ಅನ್ನಿಸಗೊಡಬೇಡಿರಿ. ಅನ್ನಿಸಿತೋ, ನಿಮಗೆ ಮೇವು ಹಾಕುವುದನ್ನು ಬಿಡುತ್ತಾರೆ.

ಮುಂದಿನ ಚುನಾವಣೆಗೆ ಅವನು ಮತ್ತೆ ಅದೇ ಕಟ್ಟೆಗೆ ಬಂದ. ಅಕ್ಕ ಹೇಳಿಕಳಿಸಿದ್ದರಿಂದ ನಾನೂ ಅಲ್ಲಿದ್ದೆ. “ಈ ಸಲ ಖರೇನ ಮಾಡಿಸ್ತೀನಿ ಹಿರಿಯಾರ” ಎನ್ನುತ್ತಾ ಹೆಗಲಿನ ಟವೆಲಿಗೆ ಕೈ ಹಾಕಿದ. ಈ ಸಲ ಹೆಂಗಸರು ಬಾಗಿಲಲ್ಲಿ ನಿಂತಿರಲಿಲ್ಲ, ಕಟ್ಟೆಯ ಮುಂದೆಯೇ ಕೂತಿದ್ದರು. ಅಕ್ಕ ಎದ್ದು ಬಂದು ಆ ಟವೆಲನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿ ಕಟ್ಟೆಯ ಮೇಲಿಟ್ಟಳು.

“ಈಗ ಬಾಯಿಲೆ ಹೇಳಪಾ. ಅಂಗಡಿ ಯಾವಾಗ, ಯಾರ ಮನ್ಯಾಗ? ಕೂಸುಗೋಳಿಗೂ ಕೇಳ್ಲಿ.”

“ಅಕ್ಕಾರ, ಹಂಗ ಬಾಯಿಲೆ ಹೆಂಗ ಹೇಳಾಕ ಬರ್ತೈತ್ರಿ? ಸಾಹೇಬ್ರನ್ನ ಕೇಳಬೇಕು…”

“ಬೆರಳಿಲೆ ಹೇಳಾಕ ಬಂತಲಾ?”

ಹಿರಿಯರೊಬ್ಬರು ಕೆಮ್ಮಿದರು, ಆದರೆ ಅವಳನ್ನು ತಡೆಯಲಿಲ್ಲ. ದೋಸ್ತ ನನ್ನ ಕಡೆ ನೋಡಿದ. ಹಗ್ಗ ಹಿಡಿದ ದಿನಗಳಿಂದ ನಮ್ಮಿಬ್ಬರಿಗೆ ಗೊತ್ತಿದ್ದ ನೋಟ ಅದು, ಸಂಭಾಳಿಸು ಎನ್ನುವುದು. ಈ ಸಲ ನಾನು ದನ ನೋಡುವವನ ಹಾಗೆ ಮುಖ ತಿರುಗಿಸಿದೆ. ಅವನು ಟವೆಲ್ ಎತ್ತಿಕೊಂಡು ಜೀಪು ಹತ್ತಿದ.

ಅಂಗಡಿ ಆ ವರ್ಷವೂ ಬರಲಿಲ್ಲ. ಅವನು ಬಂದುಹೋದ ಮರುವಾರ ಚಿಮಣಿ ಎಣ್ಣೆ ಬಂದಿದೆ ಎಂದು ಸುದ್ದಿ ಸಿಕ್ಕಾಗ ಅಕ್ಕನ ಜೊತೆ ನಾನೂ ಡಬ್ಬಿ ಹಿಡಿದು ಹಳ್ಳ ದಾಟಿ ನಡೆದೆ. ದೋಸ್ತನ ಮಾವನ ಪಡಸಾಲೆಯ ಮುಂದೆ ಉದ್ದ ಸಾಲು. ನಮ್ಮ ಪಾಳಿ ಬಂದಾಗ ಮುದುಕ ತಲೆ ಎತ್ತದೆ, “ಮುಗೀತು, ನಾಳಿ ಬರ್ರಿ” ಅಂದ. ನಾನು ಹತ್ತಿರ ಸರಿದು ಮೆಲ್ಲಗೆ ಮಾತು ಕುದುರಿಸಲು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದು ಹಿಂದೆ ಸರಿಸಿ, ಸಾಲಿನ ಕೊನೆಯವರಿಗೂ ಕೇಳಿಸುವಂತೆ ಕೂಗಿ ಕೇಳಿದಳು:

“ಯಾವಾಗ ಮುಗೀತ್ರಿ? ಎಲ್ಲಾರಿಗೂ ಕೇಳೂವಂಗ ಹೇಳ್ರಿ.”