ಅತ್ತೆಯ ಹೆಸರಿನ ಚಟ್ನಿಪುಡಿ

ನಮ್ಮ ಕಡೆ ವ್ಯಾಪಾರ ಶುರು ಮಾಡುವಾಗ ಯಾರಿಗೆ ಬುದ್ಧಿಯಿದೆ ಎಂದು ನೋಡುವುದಿಲ್ಲ, ಯಾರ ಕೈಗುಣ ಒಳ್ಳೆಯದು ಎಂದು ನೋಡುತ್ತಾರೆ. ಹರಿಹರದ ಶೆಡ್ಡಿನಲ್ಲಿ ನಾನು ಶೇಂಗಾ ಚಟ್ನಿಪುಡಿ ಮಾಡಲು ಹೊರಟಾಗ ಮನೆಯವರೆಲ್ಲ ಅತ್ತೆಯ ಹೆಸರನ್ನೇ ಹಿಡಿದರು. ಆಹಾರ ಲೈಸೆನ್ಸ್, ಜಿಎಸ್‌ಟಿ, ಕೊನೆಗೆ ಬ್ರ್ಯಾಂಡಿನ ಟ್ರೇಡ್‌ಮಾರ್ಕ್ ಕೂಡ ಅವರ ಹೆಸರಿಗೇ ಆಯಿತು. ಹುರಿಯುವವಳು, ಕುಟ್ಟಿಸುವವಳು, ಅಂಗಡಿ ಅಂಗಡಿ ಅಲೆಯುವವಳು ನಾನು.

ಈ ವರ್ಷ ದೊಡ್ಡ ಸೂಪರ್‌ಮಾರ್ಕೆಟ್ಟೊಂದು ತನ್ನ ಎಲ್ಲ ಮಳಿಗೆಗಳಿಗೂ ನಮ್ಮ ಪುಡಿ ಕೇಳಿತು. ವಯಸ್ಸಾದವರೊಬ್ಬರ ಹೆಸರಿನ ವ್ಯವಹಾರ ಬೇಡ, ಪಾಲುದಾರಿಕೆ ಸಂಸ್ಥೆಯೇ ಆಗಬೇಕು ಎಂದರು ಅಲ್ಲಿಯವರು. ಕೆ.ಬಿ. ಬಡಾವಣೆಯ ಆಡಿಟರ್, ನಾನೂ ನನ್ನ ಗಂಡನೂ ಪಾಲುದಾರರಾಗುವ ಪತ್ರ ಸಿದ್ಧಮಾಡಿದರು. ಹೊಸ ಪ್ಯಾನ್, ಹೊಸ ಜಿಎಸ್‌ಟಿ, ಹೊಸ ಲೈಸೆನ್ಸ್, ಅದೆಲ್ಲ ಹೇಗೋ ಆಗುತ್ತದೆ. ಬ್ರ್ಯಾಂಡನ್ನು ಮಾತ್ರ ಅತ್ತೆಯೇ ಸಹಿ ಹಾಕಿ ಸಂಸ್ಥೆಗೆ ಬಿಟ್ಟುಕೊಡಬೇಕು. ಹಾಕದಿದ್ದರೆ ಪೊಟ್ಟಣದ ಮೇಲೆ ಆ ಹೆಸರಿಲ್ಲ, ಹೆಸರಿಲ್ಲದಿದ್ದರೆ ಆರ್ಡರೂ ಇಲ್ಲ.

ಅತ್ತೆ, ನನ್ನ ಗಂಡ, ನಾನು ಮೂವರೂ ಆಡಿಟರ್ ಕಚೇರಿಗೆ ಹೋದೆವು. ಬ್ರ್ಯಾಂಡ್ ಬಿಟ್ಟುಕೊಡುವ ಪತ್ರವನ್ನು ಅವರು ಓದಿದರು. ಅತ್ತೆ ಪೆನ್ನು ಹಿಡಿದುಕೊಂಡೇ ಕೇಳಿದರು, "ಇದಕ್ಕ ಸಹಿ ಹಾಕಿದ ಮ್ಯಾಲೆ ಅದ್ರಾಗೆ ನಂದೇನೈತ್ರಿ?"

"ಏನೂ ಇರಲ್ಲ ಅಮ್ಮಾರೆ. ನಿಮಗೂ ತಲೆನೋವಿಲ್ಲ."

ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

ಸಂಜೆಯೊಳಗೆ ಕಾಗದಪತ್ರ ಕಳಿಸದಿದ್ದರೆ ಆರ್ಡರು ಬೇರೆಯವರ ಪಾಲು. ನನಗೆ ಸಿಟ್ಟು ಬಂತು. ಮೊದಲ ಸಲ ಒಲೆ ಹೊತ್ತಿಸಿಕೊಟ್ಟ ದಿನ ಬಿಟ್ಟರೆ ಶೆಡ್ಡಿಗೆ ಕಾಲಿಡದವರು ಈಗ ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ ಕೂತಿದ್ದಾರಲ್ಲ ಎಂದು.

"ಬರೀ ಹೆಸರು ತಾನೇ ಅತ್ತೆ," ಎಂದೆ.

"ಬರೀ ಹೆಸರಾ? ಲೇಬಲ್ ಸರಿಯಿಲ್ಲ ಅಂತ ನೋಟಿಸ್ ಯಾರ ಹೆಸ್ರಿಗೆ ಬಂತವ್ವ? ಲೈಸೆನ್ಸ್ ಆಫೀಸಿನಾಗೆ ಬೆಳಿಗ್ಗಿಂದ ಸಂಜಿ ತನಕ ಬೆಂಚಿನ ಮ್ಯಾಲೆ ಕುಂತೋರ್ಯಾರು? ನೀನೇನಮ್ಮ ಮಾಲೀಕ್ಳು ಅಂತ ಸಾಹೇಬ್ರು ಕೇಳಿದಾಗ ಹೌದ್ರಿ ಅಂದೆ. ದಂಡ ಬಿದ್ದಿದ್ರ ನನಗ ಬೀಳ್ತಿತ್ತು. ಆವಾಗ ಅದು ಬರೀ ಹೆಸರಾಗಿರ್ಲಿಲ್ಲ."

ಅಂದು ಅವರು ಒಬ್ಬರೇ ಹೋಗಿದ್ದು ನಿಜ.

"ಹಂಗಾದ್ರೆ ಏನು ಮಾಡೋಣ್ರಿ?" ಎಂದರು ಆಡಿಟರ್.

ಅತ್ತೆ ಮಗನ ಕಡೆ ಬೆರಳು ಮಾಡಿದರು. "ಇವನ ಹೆಸರು ತಗೀರಿ. ಒಂದಿನ ಹುರಿದಿಲ್ಲ, ಒಂದಿನ ಆಫೀಸಿಗೂ ಬಂದಿಲ್ಲ. ಆ ಜಾಗದಾಗೆ ನಂದು ಬರೀರಿ."

ನನ್ನ ಗಂಡನ ಹೆಸರನ್ನು ಯಾಕೆ ಸೇರಿಸಿದ್ದೆವೆಂದು ಯಾರಿಗೂ ನೆನಪಾಗಲಿಲ್ಲ. ಗಂಡಸು ಎಂಬುದಷ್ಟೇ ಕಾರಣ ಇದ್ದಿರಬೇಕು.

"ತಗೀರಿ," ಎಂದೆ.

"ಪಾಲು ಹೆಂಗ್ರಿ?" ಎಂದು ಆಡಿಟರ್ ಕೇಳಿದರು.

ಅತ್ತೆ ನನ್ನನ್ನೇ ನೋಡುತ್ತಿದ್ದರು. "ಸಮಪಾಲು," ಎಂದೆ. ಹೇಳುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆಡಿಟರ್ ಹೊಸ ಪತ್ರ ತಂದು, ಸಹಿ ಹಾಕುವ ಜಾಗವನ್ನು ಆತುರದಿಂದ ತೋರಿಸಿದರು. ಅತ್ತೆ ಕುರ್ಚಿಗೆ ಒರಗಿ ಕೂತರು.

"ಮೊದ್ಲಿಂದ ಓದ್ರಿ. ಈ ಸಲ ಮಾಲೀಕ್ಳಿಗೆ ಓದಿದಂಗೆ ಓದ್ರಿ."