ಕ್ಯಾಮೆರಾ ಮಾಮನ ಬ್ಯಾಟರಿ

ಮಕ್ಕಳ ಸ್ಪೆಲ್ಲಿಂಗ್ ಸ್ಪರ್ಧೆಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿರುವ ನಮ್ಮ ತಂಡದ ಛಾಯಾಗ್ರಾಹಕರನ್ನು ಸ್ಪರ್ಧಿಗಳೆಲ್ಲ ಕರೆಯುವುದು ಕ್ಯಾಮೆರಾ ಮಾಮ ಎಂದೇ. ವೇದಿಕೆಯ ಮೇಲೆ ಮಗುವೊಂದು ತಡವರಿಸಿದರೆ ಇವರ ಹಣೆ ಬೆವರುತ್ತದೆ. ಅದು ಗೆದ್ದರೆ ತಾವೇ ಹೆತ್ತವರಂತೆ ಬೀಗಿ, ತೀರ್ಪುಗಾರರಿಗೂ ಪೆಪ್ಪರ್‌ಮೆಂಟ್ ಹಂಚುತ್ತಾರೆ. ಆದರೆ ತಪ್ಪಾಯಿತೆಂದು ಗಂಟೆ ಹೊಡೆದರೆ ಮುಗಿಯಿತು, ಕ್ಯಾಮೆರಾದ ಬ್ಯಾಟರಿ ಸತ್ತಿತೆಂದೇ ಲೆಕ್ಕ. "ಅಯ್ಯೋ ಮೇಡಂ, ಈಗಷ್ಟೇ ಕೈಕೊಡ್ತು ನೋಡಿ!" ಎನ್ನುತ್ತಾರೆ. "ಎರಡು ವರ್ಷ ಆಯ್ತು, ಸೋತ ಮಗು ಅಳೋ ಒಂದು ಶಾಟ್ ಕೊಟ್ಟಿಲ್ಲ ನೀವು. ಸಿನಿಮಾ ಹೇಗ್ರೀ ಮುಗಿಸೋದು?" ಎಂದು ನಿರ್ದೇಶಕಿ ಕೂಗಾಡುತ್ತಿದ್ದರೆ, ಇವರು ಚೀಲದಿಂದ ಇನ್ನೊಂದು ಬ್ಯಾಟರಿ ತೆಗೆದು, ಆ ಮಗು ಸಭಾಂಗಣ ದಾಟುವವರೆಗೂ ಅದನ್ನು ಅಂಗಿಗೆ ಉಜ್ಜುತ್ತಲೇ ಇರುತ್ತಾರೆ. ಆಮೇಲೆ "ಒಂಚೂರು ನೀರು ಕುಡಿದು ಬರ್ತೀನಿ" ಎಂದು ಕ್ಯಾಮೆರಾ ಸಮೇತ ಹೊರಗೆ ನಡೆದುಬಿಡುತ್ತಾರೆ. ಮೊನ್ನೆ ಸಂಕಲನಕ್ಕೆ ಕೂತ ನಾನು ಅವರು ತೆಗೆದದ್ದನ್ನೆಲ್ಲ ನೋಡಿದೆ. ಪ್ರತಿ ಸೋಲಿನ ನಂತರವೂ ಮಗುವಿನ ಎತ್ತರದಿಂದ ತೆಗೆದ ಅರ್ಧ ನಿಮಿಷದ ದೃಶ್ಯವೊಂದಿದೆ: ಹೊರಗಿನ ಕಾರಿಡಾರು, ಅಲ್ಲಿ ಕೆನ್ನೆ ಉಬ್ಬಿಸಿಕೊಂಡು ಕೋತಿಯ ಹಾಗೆ ಕುಣಿಯುತ್ತಿರುವ ಕ್ಯಾಮೆರಾ ಮಾಮ. ಚಿತ್ರವಂತೂ ಗಡಗಡ ಅಲುಗುತ್ತಿದೆ. "ಮಾಮ, ಇನ್ನೊಂದ್ಸಲ ಮಾಡಿ!" ಎನ್ನುವ, ಕ್ಯಾಮೆರಾ ಹಿಂದಿನ ದನಿಯಲ್ಲಿ ಮೂಗು ಇನ್ನೂ ಕಟ್ಟಿಕೊಂಡೇ ಇದೆ, ನಗು ಮಾತ್ರ ತಡೆಯಲಾಗುತ್ತಿಲ್ಲ.