ಗಂಜಿ ಇರುವ ಎಳನೀರು

ನಂಬದಿದ್ದರೆ ಬಿಡಿ, ಎಳನೀರಿನ ಕಾಯಿಗೆ ಬೆರಳಲ್ಲಿ ಬಡಿದು ಒಳಗಿರುವುದು ಬರೀ ನೀರೋ, ಎಳೆ ತಿರುಳಿನ ಗಂಜಿಯೂ ಇದೆಯೋ ಹೇಳುವವನು ಮಂಡ್ಯ ಕಡೆ ನನ್ನ ಬಿಟ್ಟರೆ ಇನ್ನೊಬ್ಬನಿಲ್ಲ. ಕೆರಿಬಿಯನ್ ದ್ವೀಪವೊಂದರ ಮೂಲೆಯ ಬೀಚಿನಲ್ಲೂ ಇದನ್ನೇ ಹೇಳಿದೆ. ನಾನು, ನನ್ನ ಹಾಗೇ ವಿದೇಶದಲ್ಲಿ ನೆಲೆಸಿದ ಕ್ಯಾಂಪ್‌ಬೆಲ್ ಊರಿನ ಗೆಳೆಯ ಗಿರೀಶ ಬಿಟ್ಟರೆ ಅಲ್ಲಿದ್ದವಳು ಎಳನೀರು ಮಾರುವ ಅಜ್ಜಿಯೊಬ್ಬಳೇ. ಪಕ್ಕದ ಜಲಪಾತಕ್ಕೆ ದಾರಿ ಅವಳ ತೋಟದೊಳಗೇ ಹೋಗುತ್ತದೆ. ಮನಸ್ಸಿಗೆ ಹಿಡಿಸಿದವರಿಗಷ್ಟೇ ಗೇಟು ತೆಗೆಯುತ್ತಾಳೆ. ಆ ಜಲಪಾತಕ್ಕೆಂದೇ ಬಂದಿದ್ದ ಗಿರೀಶ ಬೇಡಿಕೊಂಡ.

“ಇಷ್ಟು ಜಂಬ ಕೊಚ್ಚುವವನು ಗಂಜಿ ಇರೋ ಕಾಯಿ ಆರಿಸಲಿ, ತೆಗೀತೀನಿ,” ಅಂದಳು ಅಜ್ಜಿ.

ಏಳು ಕಾಯಿ ಬಡಿದು ಒಂದನ್ನು ಎತ್ತಿಕೊಟ್ಟೆ. ಕೊಚ್ಚಿ ತೋರಿಸಿದಳು. ಬರೀ ನೀರು.

“ನೀನಿರೋ ಪ್ಲೆಸೆಂಟನ್ ಊರಿನ ಗ್ರೋಸರೀಲಿ ಡಬ್ಬದ ಎಳನೀರು ಕುಡಿದೂ ಕುಡಿದೂ ನಿನ್ನ ಬೆರಳು ಕೆಟ್ಟಿದೆ ಕಣೋ,” ಅಂದ ಗಿರೀಶ.

“ಅಲೆಗಳ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ,” ಅಂದೆ.

ಅಜ್ಜಿ ಬಡಿಯುವ ಗೋಜಿಗೇ ಹೋಗದೆ ಇನ್ನೊಂದು ಕಾಯಿ ಎತ್ತಿ ಎರಡು ಹೋಳು ಮಾಡಿದಳು. ಸಿಪ್ಪೆಯ ಅಂಚಿನಿಂದ ಚೂರೊಂದನ್ನು ಸೀಳಿ ಚಮಚ ಮಾಡಿದಳು, ಥೇಟ್ ನಮ್ಮೂರಿನವರ ಹಾಗೆ. ಆ ಚಮಚ ನಮ್ಮೂರಿನವರೇ ಕಂಡುಹಿಡಿದದ್ದು ಅಂತ ಅವತ್ತಿನವರೆಗೂ ನಂಬಿದ್ದೆ.

“ತಿನ್ನು ಮಗನೇ, ಹಸಿದಿದ್ದೀಯ,” ಅಂದಳು.

ಗೇಟು ಮಾತ್ರ ತೆಗೆಯಲಿಲ್ಲ. ನನಗೆ ಕೊಟ್ಟದ್ದು ಎರಡು ಹೋಳು ತುಂಬ ಗಂಜಿ, ಒಂದು ಸಿಪ್ಪೆಯ ಚಮಚ.